ಕಮರಿ, ಬೆಟ್ಟಗಳಲ್ಲಿ ಜಾತ್ರೆ ಇಲ್ಲದ ನಾಲ್ಕು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಊರು ತೀರ್ಥಹಳ್ಳಿ ಕಡೆ. ಚಳಿ ಕಡಿಮೆಯಾಗುತ್ತಿದ್ದ ಹಾಗೆ ಫೋನ್ ಶುರುವಾಗುತ್ತದೆ. "ಮೂರ್ನಾಲ್ಕು ದಿನ ಬ್ಯಾಗು ಹೊತ್ತು ನಡೆಯೋಣ ಅಂತಿದ್ದೇವೆ. ಆದ್ರೆ ಜಾತ್ರೆ ಬೇಡ, ಎಲ್ಲಿಗೆ ಹೋಗೋಣ?" ಕೇಳುವವರಲ್ಲಿ ಬೇ ಏರಿಯಾದವರಿದ್ದಾರೆ, ಡಾಲಸ್‌ನವರಿದ್ದಾರೆ, ಬೆಂಗಳೂರಿನಿಂದ ಆಫೀಸ್ ಕೆಲಸಕ್ಕೆ ಬಂದು ಒಂದು ವಾರ ರಜೆ ಹಾಕಿಕೊಂಡವರೂ ಇದ್ದಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೆ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಯೂಟಾ, ಅರಿಜೋನ, ಕೊಲರಾಡೊ, ವಯೋಮಿಂಗ್, ನ್ಯೂ ಮೆಕ್ಸಿಕೊ ಇಷ್ಟೇ ಇಲ್ಲಿರುವುದು. ನಾನು ನಡೆದದ್ದು ಅಲ್ಲೇ.

ಜನ ಇಲ್ಲದ ಜಾಗ ಅಂತ ಈಗಲೂ ಉಳಿದಿದೆಯಾ?

ಬೇಕಾದಷ್ಟಿದೆ. 2024ರಲ್ಲಿ ಝಯಾನ್ ನ್ಯಾಷನಲ್ ಪಾರ್ಕ್‌ಗೆ ಸುಮಾರು 49 ಲಕ್ಷ ಜನ ಬಂದಿದ್ದರು. ಗ್ರ್ಯಾಂಡ್ ಕ್ಯಾನಿಯನ್‌ಗೂ ಅಷ್ಟೇ. ಆದರೆ ಅವರಲ್ಲಿ ಬಹುತೇಕರು ಕಾರಿನಿಂದ ಇಳಿದು, ಕಂಬಿ ಹಿಡಿದು ಫೋಟೊ ತೆಗೆಸಿಕೊಂಡು, ಮತ್ತೆ ಕಾರು ಹತ್ತುವವರು. ಬೆನ್ನ ಮೇಲೆ ಹದಿನೈದು ಕೆಜಿ ಹೊತ್ತು ರಾತ್ರಿ ಒಳಗೇ ಉಳಿಯುವವರು ಕಡಿಮೆ. ಅವರೂ ಅದೇ ಹೆಸರಾದ ನಾಲ್ಕೈದು ದಾರಿಗೆ ಮುಗಿಬೀಳುತ್ತಾರೆ.

ಹಾಗಂತ ಖಾಲಿ ಜಾಗ ಬಿಟ್ಟಿ ಸಿಗುವುದಿಲ್ಲ. ಒಂದು ಜಾಗ ಖಾಲಿ ಇದೆ ಅಂದ್ರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ರಸ್ತೆ ಕೆಟ್ಟದ್ದು, ಅಥವಾ ನೀರಿಲ್ಲ, ಅಥವಾ ಸೊಳ್ಳೆ, ಅಥವಾ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಇದರಲ್ಲಿ ನಿಮಗೆ ಯಾವ ಕಷ್ಟ ಪರವಾಗಿಲ್ಲ ಅನ್ನೋದನ್ನು ಮೊದಲು ತೀರ್ಮಾನ ಮಾಡಿ, ಆಮೇಲೆ ಜಾಗ ಹುಡುಕಿ. ನನಗೆ ಕೆಟ್ಟ ರಸ್ತೆ ಪರವಾಗಿಲ್ಲ, ಸೊಳ್ಳೆ ಮಾತ್ರ ಆಗೋದೇ ಇಲ್ಲ. ನನ್ನ ಹೆಂಡತಿಗೆ ಇದು ಉಲ್ಟಾ. ಜುಲೈನಲ್ಲಿ ಅವಳು ಒಂದು ದಿಕ್ಕು, ನಾನು ಒಂದು ದಿಕ್ಕು.

ನ್ಯಾಷನಲ್ ಪಾರ್ಕ್, ನ್ಯಾಷನಲ್ ಫಾರೆಸ್ಟ್, ಬಿಎಲ್‌ಎಂ ಅಂತಾರಲ್ಲ, ಏನು ವ್ಯತ್ಯಾಸ?

ನಮ್ಮಲ್ಲಿ ಅರಣ್ಯ ಇಲಾಖೆ ಜಾಗ, ಕಂದಾಯ ಇಲಾಖೆ ಜಾಗ ಅಂತ ಇಲ್ಲವೇ, ಹಾಗೆ. ಎಲ್ಲ ಸರ್ಕಾರದ್ದೇ, ಯಜಮಾನರು ಬೇರೆ. ಪಾರ್ಕ್ ಸರ್ವಿಸ್ ಕೈಯಲ್ಲಿರುವುದು ಸುಮಾರು 8.5 ಕೋಟಿ ಎಕರೆ. ಫಾರೆಸ್ಟ್ ಸರ್ವಿಸ್ ಕೈಯಲ್ಲಿ 19.3 ಕೋಟಿ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಬಿಎಲ್‌ಎಂ ಕೈಯಲ್ಲಿ 24.5 ಕೋಟಿ. ಪ್ರವಾಸಿಗರೆಲ್ಲ ಮೊದಲನೆಯದಕ್ಕೆ ಹೋಗುತ್ತಾರೆ. ನೀವು ಉಳಿದ ಎರಡರಲ್ಲಿ ಹುಡುಕಿ.

ನಕ್ಷೆಯಲ್ಲಿ "ವಿಲ್ಡರ್‌ನೆಸ್" ಅಂತ ಬರೆದ ಜಾಗ ಕಂಡರೆ ಅಲ್ಲೇ ನಿಂತು ನೋಡಿ. 1964ರ ಕಾನೂನಿನ ಪ್ರಕಾರ ಅಂಥ ಕಡೆ ರಸ್ತೆ ಇಲ್ಲ, ಮೋಟಾರು ಇಲ್ಲ, ಸೈಕಲ್ ಕೂಡ ಇಲ್ಲ. ಕಾಲು ಅಥವಾ ಕುದುರೆ.

ನಕ್ಷೆ ನೋಡಿ ಖಾಲಿ ದಾರಿ ಕಂಡುಹಿಡಿಯುವುದು ಹೇಗೆ?

ಇದು ನನಗೆ ಬಹಳ ಇಷ್ಟದ ಕೆಲಸ. ಜನವರಿಯ ರಾತ್ರಿಗಳೆಲ್ಲ ಇದರಲ್ಲೇ ಕಳೆಯುತ್ತವೆ.

ಮೊದಲು ಹೆಸರಾದ ಜಾಗ ಹುಡುಕಿ. ಆಮೇಲೆ ಅದರ ಪಕ್ಕದ ಹಳ್ಳ ನೋಡಿ. ಕಲ್ಲು ಅದೇ, ಮಳೆ ಅದೇ, ನೀರು ಕೊರೆದದ್ದೂ ಅದೇ ಥರ. ಜನ ಮಾತ್ರ ಇಲ್ಲ. ಕೊಲರಾಡೊದ ಆಸ್ಪೆನ್ ಊರಿನ ಹತ್ತಿರ ಫೋರ್ ಪಾಸ್ ಲೂಪ್ ಅಂತ ಇದೆ. 28 ಮೈಲಿ, ಅಂದರೆ 45 ಕಿಲೋಮೀಟರ್. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ರಾತ್ರಿ ಉಳಿಯಲು ಪರ್ಮಿಟ್‌ಗೆ ತಿಂಗಳುಗಟ್ಟಲೆ ಮೊದಲೇ ಕಂಪ್ಯೂಟರ್ ಮುಂದೆ ಕೂತು ತತ್ಕಾಲ್ ಟಿಕೆಟ್ ಹಿಡಿದ ಹಾಗೆ ಹಿಡಿಯಬೇಕು. ಅದರ ಉತ್ತರಕ್ಕೆ ಫ್ಲಾಟ್ ಟಾಪ್ಸ್ ಅಂತ 2.35 ಲಕ್ಷ ಎಕರೆ ವಿಲ್ಡರ್‌ನೆಸ್ ಇದೆ. ತಟ್ಟೆ ಮಗುಚಿಟ್ಟಂಥ ಬೆಟ್ಟಗಳು, ಎಲ್ಲಿ ನೋಡಿದರೂ ಕೆರೆ. ಅಲ್ಲಿನ ಟ್ರ್ಯಾಪರ್ಸ್ ಕೆರೆ ನೋಡಿಯೇ 1919ರಲ್ಲಿ ಆರ್ಥರ್ ಕಾರ್ಹಾರ್ಟ್ ಎಂಬ ಸರ್ಕಾರಿ ನೌಕರ, ಈ ದಡದಲ್ಲಿ ಮನೆ ಕಟ್ಟಿಸುವುದು ಬೇಡ, ಹೀಗೇ ಬಿಡಿ ಅಂತ ವರದಿ ಬರೆದದ್ದು. ಅಳತೆ ಮಾಡಲು ಕಳಿಸಿದ ಮನುಷ್ಯ ಕೆಲಸವೇ ಬೇಡ ಅಂದ!

ಎರಡನೆಯದು, ಡಾಂಬರು ರಸ್ತೆಯಿಂದ ನಡಿಗೆ ಶುರುವಾಗುವ ಟ್ರೇಲ್‌ಹೆಡ್‌ಗೆ ಎಷ್ಟು ದೂರ ಅಂತ ಅಳೆಯಿರಿ. ಮಣ್ಣು ರಸ್ತೆ ಇಪ್ಪತ್ತು ಮೈಲಿ ದಾಟಿತು ಅಂದ್ರೆ ಜನ ಕರಗುತ್ತಾರೆ.

ಮೂರನೆಯದು, ಹೋದ ದಾರಿಯಲ್ಲೇ ವಾಪಸ್ ಬರದ, ಒಂದು ತುದಿಯಲ್ಲಿ ಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬರುವ ದಾರಿಗಳು. ಅದಕ್ಕೆ ಎರಡು ಕಾರು ಬೇಕು. ಈ ಒಂದು ತಲೆನೋವಿಗೇ ಎಷ್ಟೋ ಜನ ಅತ್ತ ಹೋಗುವುದಿಲ್ಲ.

ಇನ್ನೊಂದು ಕೊಲರಾಡೊಗೆ ಮಾತ್ರ ಸೇರಿದ್ದು. ಅಲ್ಲಿನವರಿಗೆ 14,000 ಅಡಿ ದಾಟಿದ ಶಿಖರಗಳ ಹುಚ್ಚು. ಲೆಕ್ಕ ಇಟ್ಟು ಹತ್ತುತ್ತಾರೆ. 13,900 ಅಡಿ ಇದ್ದರೆ ಅದಕ್ಕೆ ಕಿಮ್ಮತ್ತಿಲ್ಲ. ನೂರು ಅಡಿಗೋಸ್ಕರ ಒಂದು ಬೆಟ್ಟಕ್ಕೆ ಜಾತ್ರೆ, ಪಕ್ಕದ್ದಕ್ಕೆ ಏಕಾಂತ.

ಕೊನೆಯದು, ಫೋನ್ ಮಾಡಿ. ಸ್ಥಳೀಯ ರೇಂಜರ್ ಸ್ಟೇಷನ್‌ಗೆ ವಾರದ ಮಧ್ಯೆ ಬೆಳಗ್ಗೆ ಫೋನ್ ಮಾಡಿದರೆ ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ. "ಚೆನ್ನಾಗಿರೋ ದಾರಿ ಯಾವುದು?" ಅಂತ ಕೇಳಬೇಡಿ. ಎಲ್ಲರಿಗೂ ಹೇಳುವುದನ್ನೇ ಹೇಳುತ್ತಾರೆ. "ಯಾವ ಟ್ರೇಲ್‌ಹೆಡ್‌ನ ಪುಸ್ತಕದಲ್ಲಿ ಸಹಿ ಕಡಿಮೆ ಇರುತ್ತೆ, ಯಾಕೆ?" ಅಂತ ಕೇಳಿ. ಆ "ಯಾಕೆ" ಬಹಳ ಮುಖ್ಯ.

ಯಾವ ತಿಂಗಳು ಒಳ್ಳೆಯದು?

ಕಮರಿಗಳಿಗೆ ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಬೆಟ್ಟಗಳಿಗೆ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಅದಕ್ಕಿಂತ ಮೊದಲು ಎತ್ತರದ ದಾರಿಗಳ ಮೇಲೆ ಹಿಮ ಇರುತ್ತದೆ.

ಇದು ಎಲ್ಲರಿಗೂ ಗೊತ್ತು, ಹಾಗಾಗಿ ಎಲ್ಲರೂ ಆಗಲೇ ಬರುತ್ತಾರೆ. ನೀವು ಅಂಚಿಗೆ ಸರಿಯಿರಿ. ಕಮರಿಗೆ ನವೆಂಬರ್ ಮೊದಲ ವಾರ ಹೋಗಿ. ರಾತ್ರಿ ನೀರಿನ ಬಾಟಲಿ ಹೆಪ್ಪುಗಟ್ಟುತ್ತದೆ, ಸಂಜೆ ಐದೂವರೆಗೇ ಕತ್ತಲು. ಆದರೆ ಹಳ್ಳದ ಕಾಟನ್‌ವುಡ್ ಮರಗಳು ಅರಿಶಿನ ಬಣ್ಣಕ್ಕೆ ತಿರುಗಿರುತ್ತವೆ, ಕಾಲ ಕೆಳಗೆ ಅದೇ ಎಲೆ. ಬೆಟ್ಟಕ್ಕೆ ಲೇಬರ್ ಡೇ ಮುಗಿದ ಮೇಲೆ ಹೋಗಿ. ಅದು ಸೆಪ್ಟೆಂಬರ್‌ನ ಮೊದಲ ಸೋಮವಾರ. ಮಂಗಳವಾರದಿಂದ ಶಾಲೆ, ಆಫೀಸು. ಸೊಳ್ಳೆಯೂ ಆ ಹೊತ್ತಿಗೆ ಸತ್ತಿರುತ್ತದೆ. ಫಾರೆಸ್ಟ್ ಜಾಗದಲ್ಲಾದರೆ ಆಗ ಬೇಟೆ ಶುರುವಾಗಿರುತ್ತದೆ, ಬ್ಯಾಗಿನ ಮೇಲೆ ಒಂದು ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿಕೊಳ್ಳಿ.

ಮಾರ್ಚ್, ಏಪ್ರಿಲ್‌ನ ಸ್ಪ್ರಿಂಗ್ ಬ್ರೇಕ್, ಅಂದರೆ ಇಲ್ಲಿನ ಶಾಲೆ, ಕಾಲೇಜುಗಳ ರಜೆಯ ವಾರಗಳು ಮಾತ್ರ ಬೇಡವೇ ಬೇಡ.

ಪರ್ಮಿಟ್ ಅಂದ್ರೆ ಭಯ. ಸಿಗದೇ ಇದ್ರೆ?

ಪರ್ಮಿಟ್ ನಿಮ್ಮ ಶತ್ರು ಅಲ್ಲ. ಜನ ಕಡಿಮೆ ಇರಬೇಕು ಅಂದ್ರೆ ಯಾರಾದರೂ ಬಾಗಿಲಲ್ಲಿ ನಿಂತು ಎಣಿಸಬೇಕಲ್ವಾ? ಯೂಟಾ–ಅರಿಜೋನ ಗಡಿಯ ಪರಿಯಾ ಕ್ಯಾನಿಯನ್‌ನಲ್ಲಿ ರಾತ್ರಿ ಉಳಿಯಲು ದಿನಕ್ಕೆ 20 ಜನಕ್ಕೆ ಮಾತ್ರ ಪರ್ಮಿಟ್. ವೈಟ್ ಹೌಸ್ ಎಂಬಲ್ಲಿಂದ ಲೀಸ್ ಫೆರಿವರೆಗೆ 38 ಮೈಲಿ, ನಾಲ್ಕೈದು ದಿನದ ನಡಿಗೆ. ಆ 20 ಜನ ಇಷ್ಟುದ್ದಕ್ಕೂ ಚದುರಿಹೋಗುತ್ತಾರೆ. ಪಕ್ಕದಲ್ಲೇ ಇರುವ "ದಿ ವೇವ್" ಎಂಬ ಬಂಡೆಗೆ ದಿನಕ್ಕೆ 64 ಜನಕ್ಕೆ ಲಾಟರಿ. ಅದು ಕೆಲವೇ ಗಂಟೆಯ ನಡಿಗೆ, ಆದರೂ ಊರೆಲ್ಲ ಅದಕ್ಕೇ ಕೂಪನ್ ಹಾಕುತ್ತದೆ.

ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಲಾಟರಿ ತಪ್ಪುವುದು ಯಾಕೆ ಅಂದ್ರೆ ಎಲ್ಲರೂ ಕೇಳುವುದು ಬ್ರೈಟ್ ಏಂಜೆಲ್, ಕೈಬಾಬ್ ದಾರಿಗಳನ್ನೇ. ಅರ್ಜಿಯಲ್ಲಿ ಟ್ಯಾನರ್, ನ್ಯೂ ಹ್ಯಾನ್ಸ್, ಸೌತ್ ಬಾಸ್ ಅಂತ ಬರೆದು ನೋಡಿ. ಆದರೆ ಅವು ಮೊದಲ ಸಲದವರಿಗಲ್ಲ. ಟ್ಯಾನರ್ ದಾರಿಯಲ್ಲಿ ಕೆಳಗಿನ ಕೊಲರಾಡೊ ನದಿ ಮುಟ್ಟುವವರೆಗೆ ಒಂದು ತೊಟ್ಟು ನೀರಿಲ್ಲ.

ಪರ್ಮಿಟ್ಟೇ ಬೇಡದ ಜಾಗಗಳೂ ಇವೆ, ಮುಂದೆ ಬರುತ್ತವೆ. ನಿಯಮ ವರ್ಷ ವರ್ಷ ಬದಲಾಗುತ್ತವೆ, ಹೊರಡುವ ಮೊದಲು ಕೇಳಿಯೇ ಹೊರಡಿ. ಬೆಂಕಿ ಬಿದ್ದರಂತೂ ಇಡೀ ಪ್ರದೇಶವೇ ಬಂದ್. 2025ರ ಜುಲೈನಲ್ಲಿ ಗ್ರ್ಯಾಂಡ್ ಕ್ಯಾನಿಯನ್‌ನ ಉತ್ತರದ ಮೇಲಂಚಿನಲ್ಲಿದ್ದ ಹಳೇ ಲಾಡ್ಜ್ ಕಾಡ್ಗಿಚ್ಚಿಗೆ ಸುಟ್ಟುಹೋಯಿತು. ಆ ಕಡೆಯಿಂದ ಇಳಿಯಲು ತಿಂಗಳ ಹಿಂದೆಯೇ ತಯಾರಾಗಿದ್ದವರೆಲ್ಲ ಮನೆಯಲ್ಲೇ ಉಳಿದರು.

ಕಮರಿಯಲ್ಲಿ ಮೊದಲ ಸಲ ನಡೆಯುವವರಿಗೆ ಯಾವುದು?

ಗ್ರ್ಯಾಂಡ್ ಗಲ್ಚ್. ಆಗ್ನೇಯ ಯೂಟಾದ ಸೀಡರ್ ಮೇಸಾ ಎಂಬ ಬಯಲಿನಲ್ಲಿ ಕೊರೆದ ಕಮರಿ. ಕೇನ್ ಗಲ್ಚ್‌ನಲ್ಲಿ ಇಳಿದು ಬುಲೆಟ್ ಕ್ಯಾನಿಯನ್‌ನಲ್ಲಿ ಹತ್ತಿ ಬಂದರೆ 23 ಮೈಲಿ, ಸುಮಾರು 37 ಕಿಲೋಮೀಟರ್. ಮೂರು ಅಥವಾ ನಾಲ್ಕು ದಿನ. ಒಂದೊಂದು ಟ್ರೇಲ್‌ಹೆಡ್‌ನಿಂದ ದಿನಕ್ಕೆ 20 ಜನರಿಗೆ ಮಾತ್ರ ರಾತ್ರಿ ಪರ್ಮಿಟ್. ಇಳಿಯುವ ಜಾಗದಲ್ಲೇ ರೇಂಜರ್ ಸ್ಟೇಷನ್ ಇದೆ, ಒಳಗೆ ಎಲ್ಲೆಲ್ಲಿ ನೀರು ಇದೆ ಅಂತ ಹೇಳುತ್ತಾರೆ.

ಇಲ್ಲಿ ಬಂಡೆಯ ಪೊಟರೆಗಳಲ್ಲಿ ಮನೆಗಳಿವೆ. ಪ್ಯೂಬ್ಲೊ ಎಂಬ ಮೂಲನಿವಾಸಿ ಜನರ ಪೂರ್ವಿಕರು ಕಲ್ಲು, ಮಣ್ಣು ಸೇರಿಸಿ ಕಟ್ಟಿದ್ದು. ಸುಮಾರು 1300ರ ಹೊತ್ತಿಗೆ ಅವರು ಈ ಕಡೆಯೆಲ್ಲ ಬಿಟ್ಟು ದಕ್ಷಿಣಕ್ಕೆ ಹೋದರು. ನಮ್ಮ ಸೋಮನಾಥಪುರದ ಕೇಶವ ದೇವಾಲಯ 1258ರದ್ದು. ಅಲ್ಲಿ ಉಳಿ ಸದ್ದು ಮಾಡುತ್ತಿದ್ದ ಕಾಲಕ್ಕೆ ಇಲ್ಲಿ ಒಲೆ ಉರಿಯುತ್ತಿತ್ತು. ಗಾರೆಯ ಮೇಲೆ ಬೆರಳ ಗುರುತು ಇನ್ನೂ ಕಾಣುತ್ತದೆ. ನೆಲದ ಮೇಲೆ ಬೆರಳುದ್ದದ ಮುಸುಕಿನ ಜೋಳದ ದಿಂಡು ಬಿದ್ದಿರುತ್ತವೆ, ಏಳು ನೂರು ವರ್ಷ ಹಳೆಯವು. ಮೊದಲ ಸಲ ನೋಡಿದಾಗ ನಾನು ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ಮುಟ್ಟಬೇಡಿ. ಗೋಡೆಗೆ ಒರಗಬೇಡಿ. ಮಡಕೆ ಚೂರು ಎತ್ತಿಕೊಂಡು ಬರುವುದು 1979ರ ಕಾನೂನಿನ ಪ್ರಕಾರ ಅಪರಾಧ. ಕಾನೂನು ಬಿಡಿ. ಇಂದಿನ ಪ್ಯೂಬ್ಲೊಗಳಾದ ಹೋಪಿ, ಝೂನಿ ಜನರಿಗೆ ಇದು ಅಜ್ಜನ ಮನೆ. ಬೇರೆಯವರ ಅಜ್ಜನ ಮನೆಯಲ್ಲಿ ಹೇಗಿರಬೇಕೋ ಹಾಗಿರಿ.

ಇನ್ನೊಂದು ಮಾತು. ಇಲ್ಲಿನ ಮರಳಿನ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಹೆಪ್ಪುಗಟ್ಟಿದ ಮಣ್ಣು ಕಾಣುತ್ತದೆ. ಅದಕ್ಕೆ ಜೀವ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಮರಳನ್ನು ಹಿಡಿದಿಟ್ಟಿರುತ್ತವೆ. ಒಂದು ಹೆಜ್ಜೆ ಇಟ್ಟರೆ ಸರಿಯಾಗಲು ಎಷ್ಟೋ ವರ್ಷ ಬೇಕು. ಬಂಡೆ ಮೇಲೆ ಅಥವಾ ಹಳ್ಳದ ಮರಳಲ್ಲಿ ನಡೆಯಿರಿ.

ಅದು ಮುಗಿಸಿದ್ದೇವೆ. ಇನ್ನೂ ಖಾಲಿ ಬೇಕು.

ಹಾಗಾದ್ರೆ ಡಾರ್ಕ್ ಕ್ಯಾನಿಯನ್. ಸೀಡರ್ ಮೇಸಾದ ಪಕ್ಕದಲ್ಲೇ ಇದೆ. ವುಡನ್‌ಶೂ ಕಡೆಯಿಂದ ಇಳಿದು ಪೀವೈನ್ ಕಡೆ ಹತ್ತಿದರೆ ಸುಮಾರು 40 ಮೈಲಿ ಸುತ್ತು. ಎಂಟು ಸಾವಿರ ಅಡಿ ಎತ್ತರದ ಪೈನ್ ಕಾಡಿನಲ್ಲಿ ಹೊರಟು ಕೆಂಪು ಬಂಡೆಯ ತಳಕ್ಕೆ ಇಳಿಯುತ್ತೀರಿ. ಮೊದಲ ಸಲ ಹೋದಾಗ ನಾನು ನಂಬಿಕೊಂಡಿದ್ದ ಒರತೆ ಒಣಗಿತ್ತು. ನಕ್ಷೆಯಲ್ಲಿ ನೀಲಿ ಗೆರೆ ಇತ್ತು, ನೆಲದಲ್ಲಿ ಬಿಳಿ ಉಪ್ಪು ಇತ್ತು. ಎರಡನೇ ದಿನವೇ ವಾಪಸ್ ಬಂದೆ. ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಕ್ಯಾಪಿಟಲ್ ರೀಫ್ ಪಾರ್ಕ್‌ನ ದಕ್ಷಿಣ ತುದಿಯ ಹಾಲ್ಸ್ ಕ್ರೀಕ್ ನ್ಯಾರೋಸ್ ಕೂಡ ಒಳ್ಳೆಯದು. ಪಾರ್ಕ್ ಒಳಗೇ ಇದ್ದೂ ಖಾಲಿ, ಯಾಕಂದ್ರೆ ಬಾಗಿಲಿನಿಂದ ಬಹಳ ದೂರ.

ಕ್ಯಾನಿಯನ್‌ಲ್ಯಾಂಡ್ಸ್ ಪಾರ್ಕ್‌ನ ಮೇಜ್ ಭಾಗ ನಿಜಕ್ಕೂ ಚಕ್ರವ್ಯೂಹ, ಹೆಸರೇ ಹೇಳುವಂತೆ. ಡಾಂಬರು ಬಿಟ್ಟು 46 ಮೈಲಿ ಮಣ್ಣು ರಸ್ತೆಯಲ್ಲಿ ಹೋದರೆ ಸಿಗುವುದು ಬರೀ ರೇಂಜರ್ ಸ್ಟೇಷನ್. ಅಲ್ಲಿಂದ ಮುಂದೆ ಎತ್ತರದ ಫೋರ್ ವೀಲ್ ಗಾಡಿಯೇ ಬೇಕು. ಹೊಕ್ಕುವುದನ್ನು ಕಲಿತ ಅಭಿಮನ್ಯುಗಳು ಬೇಡ, ಹೊರಬರುವುದೂ ಗೊತ್ತಿರುವವರು ಹೋಗಿ.

ಬೆಟ್ಟದ ಕಡೆ?

ನಮ್ಮ ಮನೆಗೆ ಹತ್ತಿರದ್ದು ಯುವಿಂಟಾ ಬೆಟ್ಟಗಳು. ಪೂರ್ವ–ಪಶ್ಚಿಮಕ್ಕೆ ಮಲಗಿವೆ, ಅದು ಈ ದೇಶದಲ್ಲಿ ಅಪರೂಪ. ಯೂಟಾದ ಅತಿ ಎತ್ತರದ ಕಿಂಗ್ಸ್ ಪೀಕ್, 13,528 ಅಡಿ, ಇಲ್ಲೇ ಇದೆ. ಅದನ್ನು ಹತ್ತಲು ಎಲ್ಲರೂ ಹೆನ್ರೀಸ್ ಫೋರ್ಕ್ ಎಂಬಲ್ಲಿಂದ ಹೊರಡುತ್ತಾರೆ. ನೀವು ದಕ್ಷಿಣದಿಂದ ಬನ್ನಿ. ದಾರಿ ಉದ್ದ, ಜನ ಇಲ್ಲ. ರಾತ್ರಿ ಉಳಿಯಲು ಪರ್ಮಿಟ್ ಬೇಡ.

ವಯೋಮಿಂಗ್‌ನ ವಿಂಡ್ ರಿವರ್ ಬೆಟ್ಟಗಳು ಇನ್ನೂ ಚೆಂದ. ಸಾವಿರಕ್ಕೂ ಹೆಚ್ಚು ಕೆರೆಗಳು. ಇಲ್ಲೂ ಪಶ್ಚಿಮದ ಬ್ರಿಡ್ಜರ್ ವಿಲ್ಡರ್‌ನೆಸ್‌ನಲ್ಲಿ ಸಣ್ಣ ಗುಂಪಿಗೆ ಪರ್ಮಿಟ್ ಬೇಡ. ಆದರೆ ಬಿಗ್ ಸ್ಯಾಂಡಿಯಿಂದ ಸರ್ಕ್ ಆಫ್ ದಿ ಟವರ್ಸ್, ಎಲ್ಕ್‌ಹಾರ್ಟ್ ಪಾರ್ಕ್‌ನಿಂದ ಟಿಟ್‌ಕಂ ಬೇಸಿನ್, ಈ ಎರಡಕ್ಕೆ ಆಗಸ್ಟ್ ಶನಿವಾರ ಹೋದರೆ ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಅವೆರಡರ ನಡುವೆ ಇರುವ ಯಾವ ಟ್ರೇಲ್‌ಹೆಡ್ ಆದರೂ ಹಿಡಿಯಿರಿ. ಪೂರ್ವಕ್ಕೆ ಬುಡಕಟ್ಟು ಜನರ ವಿಂಡ್ ರಿವರ್ ಮೀಸಲು ಭೂಮಿ ಇದೆ, ಅಲ್ಲಿ ಕಾಲಿಡಲು ಅವರದೇ ಪರ್ಮಿಟ್ ಬೇಕು.

ಕೊಲರಾಡೊದ ವೆಮಿನೂಚ್ ವಿಲ್ಡರ್‌ನೆಸ್ ಸುಮಾರು ಐದು ಲಕ್ಷ ಎಕರೆ. ರೈಲಿನಲ್ಲಿ ಹೋಗಿ ಇಳಿಯುವ ಶಿಕಾಗೊ ಬೇಸಿನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಿಮ್ಮದೇ.

ಎಲ್ಲ ಬೆಟ್ಟಕ್ಕೂ ಒಂದೇ ನಿಯಮ: ಮಧ್ಯಾಹ್ನ ಹನ್ನೆರಡರೊಳಗೆ ಎತ್ತರದ ದಾರಿ ದಾಟಿ ಕೆಳಗಿಳಿದಿರಬೇಕು. ಜುಲೈ, ಆಗಸ್ಟ್‌ನಲ್ಲಿ ದಿನಾ ಎನ್ನುವಷ್ಟು ಸಿಡಿಲು.

ಕಮರಿ, ಬೆಟ್ಟ ಎರಡೂ ಒಂದೇ ಪ್ರವಾಸದಲ್ಲಿ ಸಿಗುತ್ತಾ?

ನ್ಯೂ ಮೆಕ್ಸಿಕೊದ ಹೀಲಾ ವಿಲ್ಡರ್‌ನೆಸ್‌ಗೆ ಹೋಗಿ. 1924ರಲ್ಲಿ ಫಾರೆಸ್ಟ್ ಸರ್ವಿಸ್‌ನಲ್ಲಿದ್ದ ಆಲ್ಡೊ ಲಿಯೊಪೋಲ್ಡ್ ಅವರ ಒತ್ತಾಯದಿಂದ ಆದದ್ದು, ಈ ಥರದ್ದರಲ್ಲಿ ಮೊದಲನೆಯದು. ಹೀಲಾ ನದಿಯ ಮಧ್ಯದ ಕವಲು ಸುಮಾರು 40 ಮೈಲಿ ಕಮರಿಯಲ್ಲಿ ಹರಿಯುತ್ತದೆ, ಸುತ್ತ ಪೈನ್ ಬೆಟ್ಟ. ಹೊಳೆ ದಾಟುವುದು ಎಷ್ಟು ಸಲ ಅಂತ ಎಣಿಸಲು ಹೋಗಿ ಐವತ್ತಕ್ಕೆ ಬಿಟ್ಟೆ. ಶೂ ಒಣಗಿಸುವ ಆಸೆ ಬಿಟ್ಟುಬಿಡಿ.

ದಾರಿಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಕುತ್ತಿಗೆವರೆಗೆ ಮುಳುಗಿ, ತಲೆ ಮುಳುಗಿಸಬೇಡಿ. ಬೆಚ್ಚಗಿನ ನೀರಿನ ಅಮೀಬಾ ಮೂಗಿನಿಂದ ಮಿದುಳಿಗೆ ಹೋಗಬಹುದು. ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ.

ನೀರಿಗೆ ಏನು ಮಾಡುವುದು?

ಆಗುಂಬೆ ಪಕ್ಕದಲ್ಲಿ ಬೆಳೆದವನಿಗೆ ನೀರು ಅನ್ನೋದು ತಲೆಯ ಮೇಲೆ ಬೀಳುವ ವಸ್ತು. ಇಲ್ಲಿ ಅದು ಬೆನ್ನ ಮೇಲೆ ಹೊರುವ ವಸ್ತು. ಕಮರಿಯಲ್ಲಿ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಿಡಿಯಿರಿ. ಬಿಸಿಲು ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಒಂದು ಲೀಟರ್ ಅಂದ್ರೆ ಒಂದು ಕೆಜಿ. ನಡುವೆ ಒಂದು ಒಣ ರಾತ್ರಿ ಬಂತು ಅಂದ್ರೆ ಎಂಟು ಕೆಜಿ ನೀರೇ ಆಯಿತು. ಎಷ್ಟು ದೂರ ಹೋಗಬೇಕು ಅನ್ನೋದನ್ನು ಇಲ್ಲಿ ಕಾಲು ತೀರ್ಮಾನಿಸುವುದಿಲ್ಲ, ಒರತೆ ತೀರ್ಮಾನಿಸುತ್ತದೆ.

ನಕ್ಷೆಯ ಒರತೆಯನ್ನು ನಂಬಬೇಡಿ. ಕಳೆದ ವಾರ ಹೋಗಿಬಂದವರ ಮಾತನ್ನು ನಂಬಿ. ಅದು ರೇಂಜರ್ ಹತ್ತಿರ ಸಿಗುತ್ತದೆ. ಎರಡು ಒರತೆಯ ನಡುವೆ ನಡೆಯುವಾಗ ಮುಂದಿನದು ಒಣಗಿದ್ದರೂ ಹಿಂದಿನದಕ್ಕೆ ವಾಪಸ್ ಬರುವಷ್ಟು ನೀರು ಕೈಯಲ್ಲಿರಲಿ. ನಾನು ಡಾರ್ಕ್ ಕ್ಯಾನಿಯನ್‌ನಿಂದ ಕ್ಷೇಮವಾಗಿ ಬಂದದ್ದು ಈ ಒಂದು ಲೆಕ್ಕದಿಂದ.

ಪರಿಯಾ, ಎಸ್ಕಲಾಂಟೆ, ಕೊಲರಾಡೊ ನದಿಗಳ ನೀರು ಕೆಸರು. ಫಿಲ್ಟರ್‌ಗೆ ಹಾಕಿದರೆ ಎರಡೇ ಬಾಟಲಿಗೆ ಕಟ್ಟಿಕೊಳ್ಳುತ್ತದೆ. ರಾತ್ರಿ ಪಾತ್ರೆಯಲ್ಲಿ ತಿಳಿಯಾಗಲು ಬಿಡಿ. ಒಂದು ಚಿಟಿಕೆ ಪಟಿಕದ ಪುಡಿ ಹಾಕಿದರೆ ಬೇಗ ತಿಳಿಯಾಗುತ್ತದೆ. ಮಳೆಗಾಲದಲ್ಲಿ ನಮ್ಮ ಅಜ್ಜಿ ಹಂಡೆಯ ನೀರಿಗೆ ಮಾಡುತ್ತಿದ್ದದ್ದೂ ಇದೇ. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ದೋಣಿ ನಡೆಸುವವರೂ ಇದನ್ನೇ ಮಾಡುವುದು ನೋಡಿ ನಗು ಬಂತು. ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ತಿಳಿಯಾಯಿತು ಅಂದ್ರೆ ಶುದ್ಧವಾಯಿತು ಅಂತಲ್ಲ, ಆಮೇಲೆ ಫಿಲ್ಟರ್ ಮಾಡಲೇಬೇಕು.

ಮಳೆ ಬಂದ್ರೆ ಒಳ್ಳೆಯದೇ ಅಲ್ವಾ?

ಅಲ್ಲ. 1997ರ ಆಗಸ್ಟ್ 12ರಂದು ಅರಿಜೋನದ ಆಂಟಿಲೋಪ್ ಕ್ಯಾನಿಯನ್‌ನಲ್ಲಿ 11 ಜನ ನೆರೆಗೆ ಸಿಕ್ಕಿ ಸತ್ತರು. ಅವರಿದ್ದ ಜಾಗದಲ್ಲಿ ಮಳೆಯೇ ಇರಲಿಲ್ಲ. ಮೈಲಿಗಟ್ಟಲೆ ಮೇಲೆ ಸುರಿದದ್ದು ಹಳ್ಳ ಹಿಡಿದು ಬಂತು. ಇಲ್ಲಿ ನೆಲ ಬರೀ ಬಂಡೆ, ನೀರು ಇಂಗುವುದಿಲ್ಲ. ಬಿದ್ದದ್ದೆಲ್ಲ ಓಡುತ್ತದೆ.

ಪರಿಯಾಗೆ ಸೇರುವ ಬಕ್‌ಸ್ಕಿನ್ ಗಲ್ಚ್‌ನಲ್ಲಿ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವ ಕಡೆಗಳಿವೆ. ತಲೆಯ ಮೇಲೆ, ಎಷ್ಟೋ ಎತ್ತರದಲ್ಲಿ, ಗೋಡೆಗಳ ನಡುವೆ ಮರದ ದಿಮ್ಮಿಗಳು ಸಿಕ್ಕಿಕೊಂಡಿರುತ್ತವೆ. ಅಲ್ಲಿವರೆಗೆ ನೀರು ಬಂದಿತ್ತು ಅಂತ ಅರ್ಥ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಇಂಥ ಸಂದುಗಳಿಗೆ ಹೋಗಬೇಡಿ. ಬೇರೆ ತಿಂಗಳಲ್ಲೂ ಟೆಂಟ್ ಹಳ್ಳದ ತಳದಲ್ಲಿ ಬೇಡ, ದಿಬ್ಬದ ಮೇಲೆ ಹಾಕಿ.

ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ಸಾಕಲ್ವಾ?

ಕಾಲು ಸಾಕು, ಲೆಕ್ಕ ಉಲ್ಟಾ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಎಷ್ಟು ಎತ್ತರವೋ, ಗ್ರ್ಯಾಂಡ್ ಕ್ಯಾನಿಯನ್‌ನ ಮೇಲಂಚಿನಿಂದ ತಳದ ನದಿಗೆ ಹೆಚ್ಚುಕಡಿಮೆ ಅಷ್ಟೇ ಆಳ, ಸುಮಾರು 5,000 ಅಡಿ. ಆದರೆ ಅಲ್ಲಿ ಬೆಳಗ್ಗೆ ತಂಪಿನಲ್ಲಿ ಹತ್ತುತ್ತೀರಿ, ಸುಸ್ತಾದ ಮೇಲೆ ಇಳಿಯುತ್ತೀರಿ. ಇಲ್ಲಿ ಮೊದಲು ಇಳಿದು, ಕೊನೆಯ ದಿನ ಸುಸ್ತಾದ ಕಾಲಿನಲ್ಲಿ ಬಿಸಿಲಿಗೆ ಹತ್ತಬೇಕು. ಸಾಲ ಮಾಡಿದ ಹಾಗೆ, ತೆಗೆದುಕೊಳ್ಳುವಾಗ ಸುಲಭ. ನಡುವೆ ಊಟಕ್ಕೆ ಭಟ್ಟರ ಮನೆಯೂ ಇಲ್ಲ.

ಬೆಟ್ಟದಲ್ಲಿ ಇನ್ನೊಂದು ಸಮಸ್ಯೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಸುಮಾರು 6,300 ಅಡಿ. ಯುವಿಂಟಾದಲ್ಲಿ ಕೆಲವು ಕಡೆ ಕಾರು ನಿಲ್ಲಿಸುವ ಜಾಗವೇ 10,000 ಅಡಿ ದಾಟುತ್ತದೆ. ಸಮುದ್ರಮಟ್ಟದ ಊರಿನಿಂದ ವಿಮಾನದಲ್ಲಿ ಬಂದವರು ಒಂದು ರಾತ್ರಿ ನಡುವೆ ಎಲ್ಲಾದರೂ ಮಲಗಿ ಹೊರಡಿ. ತಲೆನೋವು, ವಾಂತಿ ಶುರುವಾದರೆ ಮೇಲೆ ಹೋಗಬೇಡಿ, ಇಳಿಯಿರಿ.

ಬಾಡಿಗೆ ಕಾರಿನಲ್ಲಿ ಹೋಗಬಹುದಾ?

ಡಾಂಬರು ಪಕ್ಕದ ಟ್ರೇಲ್‌ಹೆಡ್ ಆದರೆ ಹೋಗಬಹುದು, ಕೇನ್ ಗಲ್ಚ್ ಹಾಗೆ. ಮಣ್ಣು ರಸ್ತೆಗೆ ಬಹಳಷ್ಟು ಬಾಡಿಗೆ ಕರಾರುಗಳಲ್ಲಿ ಒಪ್ಪಿಗೆ ಇರುವುದಿಲ್ಲ, ಓದಿ ನೋಡಿ. ನಾನು ಓದಿರಲಿಲ್ಲ. ಎಸ್ಕಲಾಂಟೆ ಬಳಿ ಎರಡು ಟೈರ್ ಒಡೆದು, ಎಳೆದು ತಂದ ಗಾಡಿಯವನಿಗೆ ಕೊಟ್ಟ ದುಡ್ಡಿನಲ್ಲಿ ಊರಿಗೆ ಟಿಕೆಟ್ ಬರುತ್ತಿತ್ತು. ಒಂದು ಮಳೆ ಬಿದ್ದರೆ ಇಲ್ಲಿನ ಜೇಡಿಮಣ್ಣಿನ ರಸ್ತೆ ಬೆಣ್ಣೆಯಾಗುತ್ತದೆ, ಫೋರ್ ವೀಲ್ ಆದರೂ ಜಾರುತ್ತದೆ. ಆಗ ಕಾರಿನಲ್ಲೇ ಕೂತು ಒಣಗುವವರೆಗೆ ಕಾಯಬೇಕು. ಎರಡು ದಿನದ ಊಟ, ನೀರು ಡಿಕ್ಕಿಯಲ್ಲಿರಲಿ.

ಒಬ್ಬನೇ ಹೋಗಬಹುದಾ?

ನಾನು ಹೋಗುತ್ತೇನೆ. ಮನೆಯಲ್ಲಿ ಒಂದು ಹಾಳೆ ಬರೆದಿಟ್ಟು ಹೋಗುತ್ತೇನೆ: ಯಾವ ಟ್ರೇಲ್‌ಹೆಡ್, ಯಾವ ಕಾರು, ಎಲ್ಲೆಲ್ಲಿ ರಾತ್ರಿ, ಯಾವ ದಿನ ಎಷ್ಟು ಗಂಟೆ ದಾಟಿದರೆ ಪೊಲೀಸರಿಗೆ ಫೋನ್ ಮಾಡಬೇಕು. 2003ರಲ್ಲಿ ಆರನ್ ರಾಲ್ಸ್ಟನ್ ಎಂಬುವರು ಯೂಟಾದ ಬ್ಲೂಜಾನ್ ಕ್ಯಾನಿಯನ್‌ಗೆ ಯಾರಿಗೂ ಹೇಳದೆ ಹೋದರು. ಬಂಡೆಯೊಂದು ಉರುಳಿ ಕೈ ಸಿಕ್ಕಿಕೊಂಡಿತು. ಐದು ದಿನ ಕಾದು, ಕೊನೆಗೆ ತಮ್ಮ ಕೈಯನ್ನು ತಾವೇ ಕತ್ತರಿಸಿಕೊಂಡು ಹೊರಬಂದರು. ಅವರು ಅನುಭವಿ ಚಾರಣಿಗರೇ. ಕೊರತೆ ಇದ್ದದ್ದು ಆ ಒಂದು ಹಾಳೆ.

ಸ್ಯಾಟಲೈಟ್ ಸಾಧನ ಇರಲಿ, ಆದರೆ ಕಿರಿದಾದ ಸಂದುಗಳಲ್ಲಿ ಆಕಾಶವೇ ಕಾಣದು, ಅಲ್ಲಿ ಅದೂ ಮೂಕ.

ಊಟ? ನಾವು ಸಸ್ಯಾಹಾರಿಗಳು.

ನಮ್ಮಷ್ಟು ಅದೃಷ್ಟವಂತರು ಯಾರೂ ಇಲ್ಲ. ಗೊಜ್ಜವಲಕ್ಕಿ ಪುಡಿ ಮನೆಯಲ್ಲೇ ಕಲಸಿ ಒಯ್ಯಿರಿ. ತಣ್ಣೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಊಟ, ಒಲೆಯೇ ಬೇಡ. ಬೆಂಕಿ ನಿಷೇಧ ಇದ್ದಾಗ ಪಕ್ಕದ ಟೆಂಟಿನವರು ಅಸೂಯೆಯಿಂದ ನೋಡುತ್ತಾರೆ. ಹುರಿದ ರವೆಗೆ ಒಗ್ಗರಣೆ ಬೆರೆಸಿಟ್ಟರೆ ಬಿಸಿನೀರಿಗೆ ಉಪ್ಪಿಟ್ಟು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಹಾಳಾಗುವುದಿಲ್ಲ. ರೊಟ್ಟಿ ಮಾತ್ರ ಎರಡನೇ ದಿನಕ್ಕೆ ಪುಡಿಪುಡಿ, ಚಮಚದಲ್ಲಿ ತಿನ್ನಬೇಕು.

ಬೇಳೆ ಒಯ್ಯಬೇಡಿ. ಹತ್ತು ಸಾವಿರ ಅಡಿಯಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಗ್ಯಾಸು ಮುಗಿಯುತ್ತದೆ, ತೊಗರಿ ಬೇಯುವುದಿಲ್ಲ. ಉಪ್ಪಿನಕಾಯಿ ಇರಲಿ. ಬಿಸಿಲಲ್ಲಿ ಬರೀ ನೀರು ಕುಡಿದು ಉಪ್ಪು ತಿನ್ನದಿದ್ದರೆ ತಲೆ ಸುತ್ತುತ್ತದೆ, ಅದು ಅಪಾಯಕ್ಕೂ ಹೋಗಬಹುದು. ವಿಮಾನದಲ್ಲಿ ಬರುವವರಿಗೆ: ಗ್ಯಾಸ್ ಡಬ್ಬಿ, ಕರಡಿ ಸ್ಪ್ರೇ ಎರಡನ್ನೂ ಒಯ್ಯಲು ಬಿಡುವುದಿಲ್ಲ. ಇಳಿದ ಮೇಲೆ ಕೊಳ್ಳಿ.

ಕರಡಿ, ಹಾವು?

ವಿಂಡ್ ರಿವರ್ ಕಡೆ ಗ್ರಿಜ್ಲಿ ಕರಡಿ ಇವೆ. ಊಟ, ಟೂತ್‌ಪೇಸ್ಟ್, ಇಂಗಿನ ಡಬ್ಬಿ ಯಾವುದೂ ಟೆಂಟಿನೊಳಗೆ ಬೇಡ. ಕಮರಿಗಳಲ್ಲಿ ರ‍್ಯಾಟಲ್ ಹಾವು ಇದೆ, ಕೈ ಇಡುವ ಮೊದಲು ನೋಡಿ. ನಿಜವಾಗಿ ಕಾಟ ಕೊಡುವುದು ಇಲಿ. ಗ್ರ್ಯಾಂಡ್ ಗಲ್ಚ್‌ನಲ್ಲಿ ನನ್ನ ಬ್ಯಾಗು ಕಡಿದು ಕೋಡುಬಳೆ ತಿಂದದ್ದು ಅದೇ. ಇಂಬಳ ಇಲ್ಲ, ಮಲೆನಾಡಿನವರಿಗೆ ಇದೊಂದು ಖುಷಿ.

ಎರಡಕ್ಕೆ ಎಲ್ಲಿ ಹೋಗುವುದು?

ನೇರವಾಗಿ ಕೇಳಿದ್ದಕ್ಕೆ ಥ್ಯಾಂಕ್ಸ್. ಬೆಟ್ಟದಲ್ಲಿ ನೀರಿನಿಂದ ಇನ್ನೂರು ಅಡಿ ದೂರ, ಆರೆಂಟು ಇಂಚು ಗುಂಡಿ, ಮುಚ್ಚಿ. ಪರಿಯಾ, ಕಯೋಟಿ ಗಲ್ಚ್‌ನಂಥ ಕಮರಿಗಳಲ್ಲಿ ಗುಂಡಿಯೂ ಇಲ್ಲ. ಪುಡಿ ಹಾಕಿದ ಚೀಲ ಸಿಗುತ್ತದೆ, ಅದರಲ್ಲಿ ಕಟ್ಟಿ ಹೊತ್ತು ತರಬೇಕು. ಒಣ ನೆಲದಲ್ಲಿ ಯಾವುದೂ ಕೊಳೆಯುವುದಿಲ್ಲ. ಮೊದಲ ಸಲ ಅಸಹ್ಯ, ಆಮೇಲೆ ಅಭ್ಯಾಸ.

ಅಪ್ಪ ಅಮ್ಮ ಬೇಸಿಗೆಗೆ ಬರುತ್ತಾರೆ. ಅವರನ್ನೂ ಕರೆದುಕೊಂಡು ಹೋಗಬೇಕು ಅಂತ ಆಸೆ.

ದಿನಾ ವಾಕಿಂಗ್ ಮಾಡುವವರಾದರೆ ಖಂಡಿತ. ಯುವಿಂಟಾದ ಮಿರರ್ ಲೇಕ್ ಹೈವೇ ಪಕ್ಕದಲ್ಲಿ ಎರಡು ಮೂರು ಮೈಲಿ ನಡೆದರೆ ಸಾಕು, ಕೆರೆ ಸಿಗುತ್ತದೆ. ಟೆಂಟ್ ಒಂದೇ ಕಡೆ ಹಾಕಿ, ಎರಡು ರಾತ್ರಿ ಅಲ್ಲೇ ಇರಿ. ಎತ್ತರ ಜಾಸ್ತಿ, ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಡಾಕ್ಟರ್‌ಗೆ ಕೇಳಿ. ದಪ್ಪ ಚಾಪೆ, ಇನ್ನೊಂದು ಕಂಬಳಿ ಒಯ್ಯಿರಿ. ನಮ್ಮಮ್ಮ 64ನೇ ವಯಸ್ಸಿನಲ್ಲಿ ಬಂದಿದ್ದರು. ಸಂಜೆ ಕೆರೆಯ ದಡದಲ್ಲಿ ಕೂತು, "ಇಷ್ಟು ದೂರ ಬಂದು ನೋಡಿದ್ದು ನಮ್ಮ ತೋಟದ ಕೆರೆ ಥರಾನೇ ಇದೆ" ಅಂದರು. ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಬಿದ್ದಿದ್ದು ನೋಡಿ ಮಾತು ವಾಪಸ್ ತೆಗೆದುಕೊಂಡರು.

ನಿಮ್ಮ ಗುಟ್ಟಿನ ಜಾಗ ಒಂದು ಹೇಳಿ.

ಇಲ್ಲ. ಮೇಲೆ ಬರೆದದ್ದೆಲ್ಲ ಹತ್ತು ಡಾಲರಿನ ನಕ್ಷೆಯಲ್ಲೂ ಇರುವ ಹೆಸರುಗಳು. ನಕ್ಷೆಯಲ್ಲಿ ಹೆಸರಿಲ್ಲದ ಕವಲು ಹಳ್ಳಗಳನ್ನು ನೀವೇ ಹುಡುಕಿ.

ಇಷ್ಟೆಲ್ಲ ಮಾಡಿ ಹೋದರೂ ಅಲ್ಲಿ ಜನ ಸಿಕ್ಕರೆ?

ನಮಸ್ಕಾರ ಹೇಳಿ, ನೀರಿನ ಸುದ್ದಿ ಕೇಳಿ. ಆಮೇಲೆ ಇನ್ನರ್ಧ ಮೈಲಿ ಮುಂದೆ ಹೋಗಿ ತಿರುವಿನ ಆಚೆ ಟೆಂಟ್ ಹಾಕಿ. ಕಮರಿಯಲ್ಲಿ ಒಂದು ತಿರುವು ದಾಟಿದರೆ ಕಾಣುವುದಿಲ್ಲ. ಆದರೆ ಗೋಡೆ ಗೋಡೆಗೆ ಬಡಿದು ಸದ್ದು ಬರುತ್ತದೆ, ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಬಿಟ್ಟು ಬನ್ನಿ.